ಕೀಲುಬೇನೆಗೆ ಮಾತೂ ಮದ್ದು



ಕೀಲುನೋವಿನಲ್ಲಿ ಎರಡು ಬಗೆಯಿದೆ. ದಿನವಿಡೀ ದುಡಿದು ಸಂಜೆಯ ಹೊತ್ತಿಗೆ ಹೆಚ್ಚುವ ನೋವು ಒಂದು. ಮಂಡಿ ಸವೆದವರಿಗೆ ಬರುವುದು ಇದು. ಕೂತರೆ, ಕಾಲು ಚಾಚಿ ಮಲಗಿದರೆ ತಗ್ಗುತ್ತದೆ. ಇನ್ನೊಂದು ಇದಕ್ಕೆ ತಿರುಗುಮುರುಗು. ರಾತ್ರಿಯೆಲ್ಲ ಮಲಗಿ ಎದ್ದಮೇಲೇ ಅದು ಹೆಚ್ಚು. ಬೆರಳು ಮಡಚಲು ಬರುವುದಿಲ್ಲ. ನಲ್ಲಿ ತಿರುಗಿಸುವುದು, ಒದ್ದೆ ಬಟ್ಟೆ ಹಿಂಡುವುದು, ಚಿಟಿಕೆ ರಂಗೋಲಿ ಪುಡಿ ಹಿಡಿಯುವುದು ಕೂಡ ಕಷ್ಟ. ಅರ್ಧ ಗಂಟೆ, ಒಂದು ಗಂಟೆ, ಕೆಲವರಿಗೆ ಮಧ್ಯಾಹ್ನದವರೆಗೂ ಕೈ ಬಿಗಿದೇ ಇರುತ್ತದೆ. ಆಡಿಸಿದಂತೆಲ್ಲ ಮೆಲ್ಲಗೆ ಸಡಿಲವಾಗುತ್ತದೆ. ಈ ಎರಡನೆಯದು ಆರು ವಾರ ಮೀರಿ ಉಳಿದು, ಜೊತೆಗೆ ಕೀಲು ಊದಿಕೊಂಡಿದ್ದರೆ, ಅದು ವಯಸ್ಸಿನ ನೋವಲ್ಲ, ಚಳಿಯ ನೋವಲ್ಲ, ಕೆಲಸದ ಆಯಾಸವೂ ಅಲ್ಲ. ನಮ್ಮ ದೇಹದ ಕಾವಲು ಪಡೆ ನಮ್ಮ ಕೀಲಿನ ಒಳಪೊರೆಯ ಮೇಲೇ ಬಿದ್ದಿದೆ ಎಂಬುದರ ಸೂಚನೆ ಅದು.

ಇಷ್ಟನ್ನು ತಿಳಿದುಕೊಳ್ಳಲು ಯಂತ್ರ ಬೇಡ, ರಕ್ತಪರೀಕ್ಷೆ ಬೇಡ, ದುಡ್ಡೂ ಬೇಡ. ಆದರೂ ಇದು ತಿಳಿಯದೆ ನಮ್ಮ ಮೈಸೂರಿನಲ್ಲೂ ಸುತ್ತಲಿನ ತಾಲ್ಲೂಕುಗಳಲ್ಲೂ ಎಷ್ಟೋ ಕೈಗಳು ಸೊಟ್ಟಗಾಗಿವೆ. ಸೊಟ್ಟಗಾದ ಮೇಲೆ ಮದ್ದು ನೋವನ್ನು ಇಳಿಸಬಲ್ಲದು, ಸವೆದುಹೋದ ಮೂಳೆಯನ್ನು ಮರಳಿ ಬೆಳೆಸಲಾರದು. ಹಾಗಾಗಿ ಇವತ್ತು ನಾನು ಹೊಸ ಔಷಧಗಳ ಪಟ್ಟಿ ಓದಲು ಬಂದಿಲ್ಲ. ಇರುವ ಔಷಧ ಸಕಾಲಕ್ಕೆ ಸರಿಯಾಗಿ ಸಿಗಬೇಕಾದರೆ ರೋಗಿಗೂ ಅವರನ್ನು ಮೊದಲು ನೋಡುವ ಆರೋಗ್ಯ ಸಿಬ್ಬಂದಿಗೂ ಏನೇನು ಗೊತ್ತಿರಬೇಕು ಎಂಬುದೇ ನನ್ನ ಮಾತು.

ಸಂಧಿವಾತದ ಕಾಯಿಲೆಗಳು ಎಂದು ಒಟ್ಟಾಗಿ ಕರೆದರೂ ಇವು ನೂರಕ್ಕೂ ಹೆಚ್ಚು. ನಾವು ಹೆಚ್ಚಾಗಿ ಕಾಣುವುದು ರುಮಟಾಯ್ಡ್ ಆರ್ಥ್ರೈಟಿಸ್. ಕೈಬೆರಳಿನ ಗಿಣ್ಣು, ಮಣಿಕಟ್ಟು, ಪಾದದ ಮುಂಭಾಗ ಇದರ ಮೊದಲ ಗುರಿ. ವಯಸ್ಕರಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಕಡಿಮೆ ಮಂದಿಗೆ ಬರುತ್ತದೆ. ಗಂಡಸರೊಬ್ಬರಿಗೆ ಬಂದರೆ ಹೆಂಗಸರು ಮೂವರಿಗೆ. ಒಂಬತ್ತು ಲಕ್ಷ ದಾಟಿದ ಮೈಸೂರಿನಲ್ಲಿ ಇದು ಕೆಲವು ಸಾವಿರ ಮನೆಗಳ ಮಾತು. ಹರೆಯದ ಗಂಡಸರ ಬೆನ್ನುಮೂಳೆಯ ಕೀಲುಗಳನ್ನು ಹಿಡಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಚರ್ಮದಿಂದ ಮೂತ್ರಪಿಂಡದವರೆಗೆ ಎಲ್ಲವನ್ನೂ ಮುಟ್ಟುವ ಲೂಪಸ್, ಯೂರಿಕ್ ಆಸಿಡ್ ಹರಳಾಗಿ ಕಾಲಿನ ಹೆಬ್ಬೆರಳನ್ನು ಒಂದೇ ರಾತ್ರಿಯಲ್ಲಿ ಕೆಂಡವಾಗಿಸುವ ಗೌಟ್, ಸೋರಿಯಾಸಿಸ್ ಜೊತೆ ಬರುವ ಕೀಲೂತ, ಮಕ್ಕಳ ಕೀಲೂತ, ಇವೆಲ್ಲ ಅದೇ ಬಳಗ. ಒಂದರ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ. ನಮ್ಮ ಹಳೆಯ ವೈದ್ಯಕ್ಕೂ ಈ ವಿವೇಚನೆ ಇತ್ತು. ಮಾಧವ ನಿದಾನ ಆಮವಾತವನ್ನು ಪ್ರತ್ಯೇಕ ರೋಗವಾಗಿಯೇ ವಿವರಿಸಿದೆ. ಚರಕ ಸಂಹಿತೆಯಲ್ಲಿ ವಾತರಕ್ತಕ್ಕೆ ಬೇರೆಯೇ ಅಧ್ಯಾಯವಿದೆ. ಎಲ್ಲವನ್ನೂ ‘ವಾಯು’ ಎಂದು ಒಂದೇ ಗಂಟಿಗೆ ಕಟ್ಟಿದ್ದು ಆಮೇಲಿನ ನಮ್ಮ ಉದಾಸೀನ.

ನಂಜನಗೂಡಿನ ಕಡೆಯ ಒಂದು ಊರಿನ, ಮೂವತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬಳನ್ನು ಮನಸ್ಸಿಗೆ ತಂದುಕೊಳ್ಳಿ. ನಾನು ಯಾರೋ ಒಬ್ಬಳ ಗುಟ್ಟು ಬಿಚ್ಚುತ್ತಿಲ್ಲ. ಹೊರರೋಗಿ ವಿಭಾಗದಲ್ಲಿ ಕೂರುವ ಯಾವ ವೈದ್ಯರನ್ನು ಕೇಳಿದರೂ ಇದೇ ದಾರಿ ಹೇಳುತ್ತಾರೆ. ಬೆರಳು ಊದಿದಾಗ ಮೊದಲು ಎಣ್ಣೆ ತಿಕ್ಕುತ್ತಾರೆ. ಆಮೇಲೆ ಮೆಡಿಕಲ್ ಶಾಪಿನ ನೋವಿನ ಮಾತ್ರೆ. ಅದಕ್ಕೂ ಬಗ್ಗದಿದ್ದಾಗ ಯಾರೋ ಒಂದು ಪುಡಿಯ ವಿಳಾಸ ಕೊಡುತ್ತಾರೆ. ನೀರಿನಲ್ಲಿ ಕದಡಿ ಕುಡಿದ ಎರಡನೇ ದಿನಕ್ಕೆ ಕೈ ಹಗುರಾಗುತ್ತದೆ, ಹಸಿವು ಹೆಚ್ಚುತ್ತದೆ, ಮುಖ ತುಂಬಿಕೊಳ್ಳುತ್ತದೆ. ‘ಮೈ ಹಿಡಿದಿದೆ’ ಎಂದು ಮನೆಯವರಿಗೆ ಸಂತೋಷ. ಆ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರಬಹುದೆಂದು ಅವರಿಗೆ ಹೇಳುವವರಿಲ್ಲ. ವರ್ಷದ ಮೇಲೆ ಸಕ್ಕರೆ ಕಾಯಿಲೆ, ಬಿ.ಪಿ., ಟೊಳ್ಳಾದ ಮೂಳೆ, ಅದರ ಜೊತೆಗೆ ಒಳಗೊಳಗೇ ಸವೆದ ಕೀಲು. ಇಷ್ಟಾದ ಮೇಲೆ ಬೆಳಗಿನ ಬಸ್ಸು ಹತ್ತಿ ಮೈಸೂರಿನ ಕೆ.ಆರ್. ಆಸ್ಪತ್ರೆಯ ಚೀಟಿ ಸಾಲಿನಲ್ಲಿ ನಿಲ್ಲುತ್ತಾಳೆ.

ರುಮಟಾಯ್ಡ್ ಕಾಯಿಲೆ ಮೂಳೆಯನ್ನು ಕೊರೆಯುವ ಕೆಲಸ ಬಹುಪಾಲು ಶುರುವಾಗುವುದು ಮೊದಲ ಒಂದೆರಡು ವರ್ಷಗಳಲ್ಲೇ. ಮೊದಲ ಮೂರರಿಂದ ಆರು ತಿಂಗಳೊಳಗೆ ಸರಿಯಾದ ಮದ್ದು ಬಿದ್ದರೆ ಅನೇಕರು ಎಂದಿನಂತೆ ಬಾಳಬಲ್ಲರು. ಈಕೆಯ ಆ ಅಮೂಲ್ಯ ತಿಂಗಳುಗಳು ಎಣ್ಣೆ, ಮಾತ್ರೆ, ಪುಡಿಗಳ ನಡುವೆ ಕಳೆದುಹೋದವು. ಆಕೆಯನ್ನು ದೂರಲು ನನಗೆ ಮನಸ್ಸಿಲ್ಲ. ಆಕೆ ದಾರಿಯಲ್ಲಿ ಎದುರಾದ ಪ್ರತಿಯೊಬ್ಬರನ್ನೂ ಕೇಳಿದ್ದಳು. ಉತ್ತರ ಹೇಳಬಲ್ಲವರು ಆ ದಾರಿಯಲ್ಲಿ ಇರಲಿಲ್ಲ.

ಹಾಗಂತ ಸ್ಟೀರಾಯ್ಡ್ ಎಂದರೆ ವಿಷ ಎಂದೂ ಯಾರೂ ತಿಳಿಯಬಾರದು. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಹಾಸಿಗೆ ಹಿಡಿದಿದ್ದ ಒಬ್ಬ ತರುಣಿಗೆ ಮೊದಲ ಬಾರಿಗೆ ಕಾರ್ಟಿಸೋನ್ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. 1950ರಲ್ಲಿ ಹೆಂಚ್ ಮತ್ತು ಅವರ ಸಂಗಡಿಗರಿಗೆ ನೊಬೆಲ್ ಬಂತು. ಅದರ ಬೆನ್ನಿಗೇ ಅಡ್ಡಪರಿಣಾಮಗಳೂ ಬಯಲಾದವು. ಇವತ್ತಿಗೂ ಸ್ಟೀರಾಯ್ಡ್ ಜೀವ ಉಳಿಸುವ ಮದ್ದು. ಲೂಪಸ್ ಮೂತ್ರಪಿಂಡಕ್ಕೆ ಇಳಿದಾಗ ಅದಿಲ್ಲದೆ ಕೈ ಕಟ್ಟಿದಂತೆ. ಅಳತೆ, ಅವಧಿ, ಉಸ್ತುವಾರಿ ಇರಬೇಕು, ಅಷ್ಟೇ. ಇನ್ನೊಂದು ಎಚ್ಚರಿಕೆಯ ಮಾತು: ತಿಂಗಳುಗಟ್ಟಲೆ ತೆಗೆದುಕೊಂಡವರು ಹೆದರಿ ಒಮ್ಮೆಲೇ ನಿಲ್ಲಿಸಬಾರದು. ದೇಹ ತನ್ನ ಸ್ಟೀರಾಯ್ಡ್ ತಯಾರಿಕೆಯನ್ನು ಮರೆತಿರುತ್ತದೆ. ದಿಢೀರನೆ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ. ವೈದ್ಯರ ಮಾತಿನಂತೆ ಹಂತಹಂತವಾಗಿ ಇಳಿಸಬೇಕು.

ಈಗ ಇವತ್ತಿನ ಮಾತಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಕೈಯಲ್ಲಿ ಕೆಲಸವಿದ್ದರೆ ಒಂದು ಕ್ಷಣ ಬಿಟ್ಟು ಕೇಳಿ.

ರುಮಟಾಯ್ಡ್ ಕಾಯಿಲೆಗೆ ಜಗತ್ತಿನಾದ್ಯಂತ ಮೊದಲು ಬರೆಯುವ ಮದ್ದು ಮೆಥೊಟ್ರೆಕ್ಸೇಟ್. ಇದರ ಹುಟ್ಟಿನ ಹಿಂದೆ ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ದುಡಿಮೆಯಿದೆ. ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಅವರ ನೇತೃತ್ವದ ತಂಡ ಫೋಲಿಕ್ ಆಸಿಡ್ಡನ್ನೂ ಅದಕ್ಕೆ ಎದುರಾಗಿ ನಿಲ್ಲುವ ವಸ್ತುಗಳನ್ನೂ ತಯಾರಿಸಿತು. ಮೊದಲು ರಕ್ತದ ಕ್ಯಾನ್ಸರಿಗೆ ಬಳಕೆಯಾದ ಈ ಮದ್ದು, ತೀರ ಸಣ್ಣ ಪ್ರಮಾಣದಲ್ಲಿ ಕೀಲೂತಕ್ಕೂ ಆಗುತ್ತದೆಂದು ತಿಳಿದು, 1988ರಲ್ಲಿ ಅಮೆರಿಕದಲ್ಲಿ ರುಮಟಾಯ್ಡ್ ಕಾಯಿಲೆಗೆ ಅನುಮತಿ ಪಡೆಯಿತು. ಅಗ್ಗದ ಮದ್ದು, ಒಳ್ಳೆಯ ಮದ್ದು. ಆದರೆ ಇದನ್ನು ನುಂಗಬೇಕಾದ್ದು ವಾರಕ್ಕೆ ಒಂದೇ ದಿನ.

ದಿನಕ್ಕೊಂದು ಅಲ್ಲ. ವಾರಕ್ಕೆ ಒಂದು ದಿನ.

ಬಿ.ಪಿ. ಮಾತ್ರೆ ದಿನವೂ, ಸಕ್ಕರೆ ಕಾಯಿಲೆಯ ಮಾತ್ರೆ ದಿನವೂ ನುಂಗಿ ರೂಢಿಯಾದವರಿಗೆ ವಾರಕ್ಕೊಮ್ಮೆ ಎಂಬುದು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ದಿನವೂ ನುಂಗಿದರೆ ಕೆಲವೇ ದಿನಗಳಲ್ಲಿ ಬಾಯಿ ಹುಣ್ಣಾಗಿ ಅನ್ನ ಇಳಿಯದಂತಾಗುತ್ತದೆ; ಮೂಳೆಮಜ್ಜೆ ಸೊರಗಿ ರಕ್ತದ ಕಣಗಳು ಕುಸಿಯುತ್ತವೆ; ಸೋಂಕು ಮೈಗೇರಿ ಸಾವೂ ಸಂಭವಿಸುತ್ತದೆ. ಎಲ್ಲ ವ್ಯವಸ್ಥೆಯೂ ಅಚ್ಚುಕಟ್ಟಾಗಿದೆ ಎನ್ನುವ ಬ್ರಿಟನ್ನಿನಲ್ಲೇ ಹತ್ತು ವರ್ಷಗಳ ಪ್ರಕರಣಗಳನ್ನು ಕಲೆಹಾಕಿ 2004ರಲ್ಲಿ ವರದಿ ಮಾಡಿದಾಗ, ಈ ಮಾತ್ರೆಯ ತಪ್ಪು ಬಳಕೆಗೆ ಸಂಬಂಧಿಸಿದ 25 ಸಾವುಗಳು ಕಂಡುಬಂದವು. ಇನ್ನೊಂದು ತೊಡಕೂ ಇದೆ. ಮೆಥೊಟ್ರೆಕ್ಸೇಟಿನ ತೊಂದರೆ ತಗ್ಗಿಸಲು ಬೇರೆ ದಿನ ಕೊಡುವ ಫೋಲಿಕ್ ಆಸಿಡ್ ಮಾತ್ರೆಯೂ ಅನೇಕ ವೇಳೆ ಅಷ್ಟೇ ಸಣ್ಣದು, ಅಷ್ಟೇ ಹಳದಿ. ಕಣ್ಣು ಮಂಜಾದ ಅಜ್ಜಿಗೆ ಎರಡರ ವ್ಯತ್ಯಾಸ ಹೇಗೆ ತಿಳಿಯಬೇಕು?

ಆದ್ದರಿಂದ ವೈದ್ಯ ಮಿತ್ರರಲ್ಲಿ ನನ್ನ ಬೇಡಿಕೆ: ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ‘ವಾರಕ್ಕೊಮ್ಮೆ’ ಎಂದು ಗೀಚಿದರೆ ಸಾಲದು. ಭಾನುವಾರ ಎಂದೋ ಗುರುವಾರ ಎಂದೋ ವಾರದ ಹೆಸರನ್ನು ಕನ್ನಡದಲ್ಲಿ, ಅವರಿಗೆ ಓದಲು ಬರುವಷ್ಟು ದೊಡ್ಡದಾಗಿ ಬರೆಯಿರಿ. ಯಾವ ವಾರ ಎಂದು ರೋಗಿಯೇ ಆರಿಸಿಕೊಳ್ಳಲಿ. ವಾರದ ಒಪ್ಪತ್ತು ಮಾಡುವ ಮನೆಗಳಲ್ಲಿ ‘ಯಾವ ವಾರ ಮಾಡ್ತೀರಮ್ಮ?’ ಎಂದು ಕೇಳಿದರೆ ಮದ್ದಿಗೆ ಬೇರೆ ವಾರ ಗೊತ್ತುಮಾಡಬಹುದು. ಹೊರಡುವ ಮುಂಚೆ ‘ಇದನ್ನು ಹೇಗೆ ತೊಗೋತೀರಿ, ನನಗೆ ಒಂದು ಸಲ ಹೇಳಿ’ ಎಂದು ಅವರ ಬಾಯಿಂದಲೇ ಹೇಳಿಸಿ. ‘ಗೊತ್ತಾಯ್ತಾ?’ ಎಂದು ಕೇಳಿದರೆ ಮರ್ಯಾದೆಗಾಗಿ ಎಲ್ಲರೂ ‘ಹೂಂ’ ಎನ್ನುತ್ತಾರೆ. ಮೆಡಿಕಲ್ ಶಾಪಿನವರೇ, ಪಟ್ಟಿಯ ಹಿಂದೆ ನೀವೂ ವಾರದ ಹೆಸರು ಬರೆದು ಕೊಡಿ. ಚೀಟಿಯಲ್ಲಿ ದಿನವೂ ಎಂದಿದ್ದರೆ ಸುಮ್ಮನೆ ಕೊಡದೆ ವೈದ್ಯರಿಗೆ ಒಂದು ಫೋನ್ ಮಾಡಿ. ಇದು ವೈದ್ಯರಿಗೆ ಅವಮಾನವಲ್ಲ, ಉಪಕಾರ.

ಇನ್ನು ಊರಿನ ಆಶಾ ಕಾರ್ಯಕರ್ತೆಯರು. ಕೀಲೂತವನ್ನು ಮೊದಲು ಕಾಣಬಲ್ಲವರು ಅವರೇ. ಬೆರಳಿನ ಗಿಣ್ಣುಗಳ ಸಾಲನ್ನು ಎರಡೂ ಬದಿಯಿಂದ ಮೆಲ್ಲಗೆ ಅದುಮುವುದು ನಮ್ಮ ಹೊರರೋಗಿ ವಿಭಾಗದ ಒಂದು ಸಾದಾ ಪರೀಕ್ಷೆ. ಚುಳ್ಳೆಂದರೆ ಅನುಮಾನ ಗಟ್ಟಿ. ಬಳೆ ತೊಡಿಸುವವರು ಮಾಡುವುದೂ ಅದನ್ನೇ ಅಲ್ಲವೇ? ಐದು ಬೆರಳನ್ನೂ ಕೂಡಿಸಿ, ಗಿಣ್ಣನ್ನು ಅದುಮಿ ಬಳೆ ದಾಟಿಸುತ್ತಾರೆ. ಆದ್ದರಿಂದ ಮನೆಮನೆಗೆ ಹೋಗುವ ಆಶಾ ಅಕ್ಕಂದಿರು ಕೇಳಬೇಕಾದ್ದು ಸುಲಭ: ‘ಈಚೆಗೆ ಬಳೆ ತೊಡುವಾಗ ಗಿಣ್ಣು ನೋಯುತ್ತಾ? ಮೊದಲಿನ ಅಳತೆಯ ಬಳೆ ಹತ್ತುತ್ತಾ? ಬೆಳಗ್ಗೆ ಮುಷ್ಟಿ ಕಟ್ಟಲು ಎಷ್ಟು ಹೊತ್ತು ಬೇಕು?’ ಇದಕ್ಕೆ ತರಬೇತಿ ಶಿಬಿರದ ಒಂದು ಬೆಳಗು ಸಾಕು. ಆದರೆ ಮನೆಮನೆಯ ತಪಾಸಣೆಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್‌ಗಳಿಗೆ ಸಿಕ್ಕಿರುವ ಜಾಗ ಕೀಲಿನ ಕಾಯಿಲೆಗಳಿಗೆ ಸಿಕ್ಕಿಲ್ಲ. ಕೊಲ್ಲುವ ಕಾಯಿಲೆಗೆ ಮೊದಲ ಗಮನ ಎಂಬ ತರ್ಕ ನನಗೆ ಅರ್ಥವಾಗುತ್ತದೆ. ಬೆರಳು ಮಡಚಲಾರದ ಹೆಂಗಸು ಕೂಲಿ ಕಳೆದುಕೊಂಡು ಸಂಸಾರವೇ ಕೆಳಗಿಳಿಯುವುದನ್ನು ಮಾತ್ರ ಆ ಲೆಕ್ಕ ಹಿಡಿಯುವುದಿಲ್ಲ. ಹೂ ಕಟ್ಟುವವರು, ಊದುಬತ್ತಿ ಹೊಸೆಯುವವರು ಇಷ್ಟೊಂದು ಮಂದಿಯಿರುವ ಈ ಊರಿನಲ್ಲಿ ಬೆರಳೇ ಬದುಕು.

ಸಿಬ್ಬಂದಿಗೂ ಜನರಿಗೂ ಕಲಿಸುವುದು ಚಿಕಿತ್ಸೆಯ ಬಾಲಂಗೋಚಿಯಲ್ಲ, ಅದರ ಅಂಗವೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹಿಂದೆಯೇ ಒಪ್ಪಿದೆ. ಸಂಧಿವಾತ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟದ ಜೊತೆ ಸೇರಿ 1981ರಲ್ಲಿ ಅದು ಕಾಪ್‌ಕಾರ್ಡ್ ಎಂಬ ಯೋಜನೆ ಶುರುಮಾಡಿತು. ಮೊದಲ ಹಂತದಲ್ಲಿ ಹಳ್ಳಿಹಳ್ಳಿಯಲ್ಲಿ ನೋವಿನ ಲೆಕ್ಕ ಹಿಡಿಯುವುದು, ಎರಡನೆಯ ಹಂತದಲ್ಲಿ ಆರೋಗ್ಯ ಕಾರ್ಯಕರ್ತರಿಗೂ ಜನರಿಗೂ ತಿಳಿವಳಿಕೆ ಕೊಡುವುದು, ಆಮೇಲೆ ಕಾರಣಗಳ ಶೋಧ. ನಮ್ಮ ದೇಶದಲ್ಲಿ ಪುಣೆಯ ಹತ್ತಿರದ ಭಿಗ್ವಣದಲ್ಲಿ ಡಾ. ಅರವಿಂದ ಚೋಪ್ರಾ ಅವರು 1996ರಲ್ಲಿ ಇದನ್ನು ಕೈಗೊಂಡಾಗ, ನೂರಕ್ಕೆ ಸುಮಾರು 18 ಮಂದಿ ಕೀಲು, ಮಾಂಸಖಂಡಗಳ ನೋವು ಹೇಳಿಕೊಂಡರು. ಆ ಊರಿನಲ್ಲಿ ಅದೇ ಎಲ್ಲಕ್ಕಿಂತ ಸಾಮಾನ್ಯವಾದ ಕಾಯಿಲೆ. ಎಣಿಸುವ ಮುಂಚೆ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ತಿಳಿವಳಿಕೆ ಇಲ್ಲದ ಕಡೆ ಮೊದಲು ಅಪವಾದ ಹೊರುವುದು ಆಹಾರ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವಿನಲ್ಲಿ ಸೊಂಟ, ಮಂಡಿ ಹಿಡಿದು ನಡೆಯಲಾರದ ಕೂಲಿ ಕುಟುಂಬಗಳು ಸುದ್ದಿಯಾದವು. ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದೇ ಕಾರಣವಿರಬಹುದು ಎಂಬ ಊಹೆ ಆಗ ಬಲವಾಗಿತ್ತು. ಹೈದರಾಬಾದಿನ ಪೋಷಣ ಸಂಸ್ಥೆಯ ವಿಜ್ಞಾನಿಗಳು ಬಂದರು. ಮುಂದಿನ ಅಧ್ಯಯನಗಳಲ್ಲಿ ಅದು ವಂಶವಾಹಿಯಲ್ಲಿ ಇಳಿದು ಬರುವ ಮೂಳೆ ಬೆಳವಣಿಗೆಯ ದೋಷವೆಂದು ಗೊತ್ತಾಯಿತು. ಅದು ರುಮಟಾಯ್ಡ್ ಅಲ್ಲ, ಬೇರೆಯೇ ಬೇನೆ. ಆದರೆ ಆ ಊಹೆಯ ಜಾಡು ನಮ್ಮ ಮನೆಗಳಲ್ಲೂ ಇದೆ. ಬದನೆಕಾಯಿ ಬಿಡಿ, ಆಲೂಗಡ್ಡೆ ಬಿಡಿ, ಮೊಸರು ಬಿಡಿ, ಹುಳಿ ಮುಟ್ಟಬೇಡಿ ಎಂದು ಒಂದೊಂದೇ ಕಿತ್ತುಕೊಂಡು, ಮೊದಲೇ ರಕ್ತ ಕಡಿಮೆಯಿರುವ ಹೆಣ್ಣನ್ನು ಇನ್ನಷ್ಟು ಬಡಕಲು ಮಾಡುತ್ತಾರೆ. ರುಮಟಾಯ್ಡ್ ಕಾಯಿಲೆಗೆ ಇಂಥ ಪಥ್ಯ ಬೇಕೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ಗೌಟ್ ಇದ್ದವರು ಮದ್ಯ, ಅದರಲ್ಲೂ ಬಿಯರ್, ಕುರಿಯ ಲಿವರ್, ಸಿಹಿ ತಂಪು ಪಾನೀಯಗಳನ್ನು ದೂರವಿಡಬೇಕು, ನಿಜ. ಬೇಳೆ ಸಾರಿಗೂ ಸೊಪ್ಪಿಗೂ ಅವರು ಹೆದರಬೇಕಿಲ್ಲ.

2006ರ ಚಿಕುನ್‌ಗುನ್ಯ ನೆನಪಿರಬೇಕು. ಆ ವರ್ಷ ಕರ್ನಾಟಕವೊಂದರಲ್ಲೇ ಏಳೂವರೆ ಲಕ್ಷ ಶಂಕಿತ ಪ್ರಕರಣ ದಾಖಲಾದವು. ಅಂದಿನಿಂದ ಯಾವ ಕೀಲು ನೋಯಲಿ, ‘ಅದು ಚಿಕುನ್‌ಗುನ್ಯದ್ದು, ತಾನಾಗಿ ಹೋಗುತ್ತೆ’ ಎಂಬ ಸಮಾಧಾನ ಸಿದ್ಧವಾಗಿದೆ. ಬಹಳಷ್ಟು ಜನರಿಗೆ ಹೋಗುತ್ತದೆ. ಜ್ವರ ಬಿಟ್ಟು ಮೂರು ತಿಂಗಳಾದರೂ ಕೀಲು ಊದಿಕೊಂಡೇ ಇದ್ದರೆ ಕಾಯುತ್ತ ಕೂರಬಾರದು.

ರಕ್ತಪರೀಕ್ಷೆಯ ಬಗ್ಗೆ ವೈದ್ಯರಿಗೂ ಲ್ಯಾಬಿನವರಿಗೂ ಒಂದು ಮಾತು. ಆರ್.ಎ. ಫ್ಯಾಕ್ಟರ್ ಪಾಸಿಟಿವ್ ಬಂದವರಿಗೆಲ್ಲ ರುಮಟಾಯ್ಡ್ ಇರುವುದಿಲ್ಲ; ಕಾಯಿಲೆಯಿರುವ ನೂರರಲ್ಲಿ 20ರಿಂದ 30 ಮಂದಿಗೆ ಅದು ನೆಗೆಟಿವ್ ಆಗಿಯೇ ಇರುತ್ತದೆ. ಕಾಗದ ನೋಡಿ ‘ನಿಮಗೇನೂ ಇಲ್ಲ’ ಎಂದು ಕಳಿಸಿದ ಊದಿದ ಕೈಗಳು ಎಷ್ಟೋ. ಹಾಗೆಯೇ ಇಪ್ಪತ್ತೈದರ ಹುಡುಗ ಬೆನ್ನುನೋವು ಎಂದು ಬಂದರೆ ‘ಬೈಕ್ ಓಡಿಸೋದು ಬಿಡು, ರೆಸ್ಟ್ ತೊಗೋ’ ಎನ್ನುವ ಮುಂಚೆ, ರೆಸ್ಟ್ ತೆಗೆದುಕೊಂಡರೆ ಹೆಚ್ಚುತ್ತದೆಯೇ, ಓಡಾಡಿದರೆ ಕಡಿಮೆಯಾಗುತ್ತದೆಯೇ, ಎಂದಾದರೂ ಕಣ್ಣು ಕೆಂಪಾಗಿ ನೊಂದಿತ್ತೇ ಎಂದು ಕೇಳಬೇಕು. ಹೌದೆಂದರೆ ಅವನಿಗೆ ಬೇಕಾದ್ದು ವ್ಯಾಯಾಮ ಮತ್ತು ಸರಿಯಾದ ಮದ್ದು, ಹಾಸಿಗೆಯಲ್ಲ. ಶಾಲೆಗೆ ಹೋಗುವ ಮಗುವಿಗೆ ಗಂಟಲು ನೋವು ಬಂದುಹೋಗಿ ಎರಡು ಮೂರು ವಾರಕ್ಕೆ ಒಂದು ಕೀಲಿನಿಂದ ಇನ್ನೊಂದಕ್ಕೆ ನೋವು ಹಾರುತ್ತಿದ್ದರೆ ಅದು ರುಮ್ಯಾಟಿಕ್ ಜ್ವರವಿರಬಹುದು. ಕೀಲನ್ನು ಬಿಟ್ಟರೂ ಹೃದಯದ ಕವಾಟವನ್ನು ಬಿಡುವುದಿಲ್ಲ. ಮೂರು ವಾರಕ್ಕೊಮ್ಮೆಯ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ತಪ್ಪದೆ ಕೊಡಿಸಬೇಕು.

ಮದುವೆಯ ವಯಸ್ಸಿನ ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ಮೌನ ಅತಿ ಕ್ರೂರವಾದದ್ದು. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡುತ್ತಾರೆ, ಗಂಡನ ಮನೆಯಲ್ಲಿ ಮಾತ್ರೆ ಕಂಡುಬಿಟ್ಟಾರೆಂದು ಹೆದರಿ ಅವಳು ಮದ್ದು ಬಿಡುತ್ತಾಳೆ, ಕಾಯಿಲೆ ಕೆರಳುತ್ತದೆ. ಇಲ್ಲವೇ ಮೆಥೊಟ್ರೆಕ್ಸೇಟ್ ನುಂಗುತ್ತಿರುವಾಗಲೇ ಗರ್ಭ ನಿಲ್ಲುತ್ತದೆ. ಈ ಮದ್ದು ಭ್ರೂಣಕ್ಕೆ ಅಪಾಯ. ಮಗು ಬೇಕೆಂದುಕೊಂಡ ಕೆಲವು ತಿಂಗಳು ಮೊದಲೇ ವೈದ್ಯರಿಗೆ ಹೇಳಿ ಬದಲಾಯಿಸಿಕೊಳ್ಳಬೇಕು. ಬಸಿರಿನಲ್ಲೂ ತೆಗೆದುಕೊಳ್ಳಬಹುದಾದ ಮದ್ದುಗಳಿವೆ. ಲೂಪಸ್ ಇರುವವರು ಹೈಡ್ರಾಕ್ಸಿಕ್ಲೋರೊಕ್ವಿನ್ ನಿಲ್ಲಿಸದಿರುವುದೇ ಒಳ್ಳೆಯದು. ಕಾಯಿಲೆ ಹತೋಟಿಯಲ್ಲಿದ್ದಾಗ ಯೋಚಿಸಿ ಬಸಿರಾದ ಎಷ್ಟೋ ಹೆಣ್ಣುಮಕ್ಕಳು ಆರೋಗ್ಯವಂತ ಮಕ್ಕಳನ್ನು ಹೆತ್ತಿದ್ದಾರೆ. ಇದನ್ನು ಅತ್ತೆ, ಗಂಡನ ಎದುರಿಗೇ ಕೂರಿಸಿ ಹೇಳುವ ಧೈರ್ಯ ನಮಗೆ, ವೈದ್ಯರಿಗೆ, ಬರಬೇಕು.

ಹೇಳುವುದಾದರೂ ಹೇಗೆ? ಅಮೆರಿಕದ ಸ್ಟಾನ್‌ಫರ್ಡ್‌ನಲ್ಲಿ ಕೇಟ್ ಲೊರಿಗ್ ಎಂಬ ನರ್ಸ್ 1970ರ ದಶಕದ ಕೊನೆಯಲ್ಲಿ ಕೀಲೂತದ ರೋಗಿಗಳಿಗಾಗಿ ಒಂದು ತರಗತಿ ಕಟ್ಟಿದರು. ಆರು ವಾರ, ವಾರಕ್ಕೆ ಎರಡು ಗಂಟೆ. ಪಾಠ ಹೇಳುವವರು ವೈದ್ಯರಲ್ಲ. ತರಬೇತಿ ಪಡೆದ ಸಾಮಾನ್ಯ ಜನ, ಅವರಲ್ಲಿ ಅನೇಕರು ಸ್ವತಃ ಕೀಲೂತ ಉಳ್ಳವರು. ಬಂದವರ ನೋವು ತಗ್ಗಿತು. ಯಾಕೆಂದು ಕೆದಕಿದಾಗ ಕಂಡದ್ದು ಕುತೂಹಲಕರ: ಯಾರು ಎಷ್ಟು ವ್ಯಾಯಾಮ ಮಾಡಿದರು ಎಂಬುದಕ್ಕಿಂತ, ‘ಇದನ್ನು ನಾನು ಸಂಭಾಳಿಸಬಲ್ಲೆ’ ಎಂಬ ನಂಬಿಕೆ ಯಾರಲ್ಲಿ ಬೆಳೆಯಿತೋ ಅವರಿಗೆ ಹೆಚ್ಚು ಗುಣ ಕಂಡಿತ್ತು.

ಜನರಿಗೆ ತಿಳಿಯಹೇಳುವ ಈ ಕೆಲಸ ಮೈಸೂರಿಗೆ ಹೊಸದೇನಲ್ಲ. 1930ರ ದಶಕದಲ್ಲೇ ಇಲ್ಲಿಯ ವಿಶ್ವವಿದ್ಯಾನಿಲಯದ ಅಧ್ಯಾಪಕರು ಹಳ್ಳಿಗಳಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು; ಅವು ಕಿರುಹೊತ್ತಗೆಗಳಾಗಿ ಬರುತ್ತಿದ್ದವು. ಮಹಾರಾಜ ಕಾಲೇಜಿನ ಪ್ರೊ. ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ವಿಠ್ಠಲ ವಿಹಾರದಿಂದಲೇ ಬಾನುಲಿ ಶುರುಮಾಡಿದ ಊರಿದು. 1924ರಲ್ಲಿ ಹುಟ್ಟಿದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಜೆ.ಎಸ್.ಎಸ್. ಇದೆ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಕಾಲೇಜುಗಳಿವೆ. ಇವರೆಲ್ಲರ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಹೊರರೋಗಿಗಳು ಕಾಯುವ ಪಡಸಾಲೆಯಲ್ಲೇ ಕೂತು, ಹತ್ತು ವರ್ಷ ಕಾಯಿಲೆಯೊಂದಿಗೆ ಬಾಳಿದ ಒಬ್ಬರಿಂದ ಕಾಯಿಲೆಯ ಹೆಸರು ಇವತ್ತಷ್ಟೇ ತಿಳಿದ ಹತ್ತು ಮಂದಿಗೆ ಅನುಭವ ಹೇಳಿಸಲಿ. ಕಾಯುವ ಆ ಮೂರು ಗಂಟೆ ಹೇಗೂ ಖಾಲಿಯೇ ಹೋಗುತ್ತಿದೆ. ವಿದ್ಯಾರ್ಥಿಗಳು ಅಲ್ಲಿ ಕಲಿಯುವುದು ಯಾವ ಪಠ್ಯದಲ್ಲೂ ಇಲ್ಲ.

ಕೇಳುಗರಲ್ಲಿ ಯಾರಿಗಾದರೂ ಕೀಲು ಊದಿ ಆರು ವಾರವಾಗಿದ್ದರೆ, ಈ ವಾರವೇ ವೈದ್ಯರಲ್ಲಿಗೆ ಹೋಗಿ. ಹೋಗುವಾಗ ಬೆಳಗಿನ ಬಿಗಿತ ಎಷ್ಟು ಹೊತ್ತು, ಯಾವ ಯಾವ ಕೀಲು, ಮನೆಯಲ್ಲಿ ಇನ್ನಾರಿಗಾದರೂ ಇತ್ತೇ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹಳೆಯ ರಿಪೋರ್ಟು, ಮಾತ್ರೆಯ ಪಟ್ಟಿ ಎಲ್ಲ ಚೀಲಕ್ಕೆ ಹಾಕಿ. ಪುಡಿ ತೆಗೆದುಕೊಂಡಿದ್ದರೆ ಆ ಪೊಟ್ಟಣವನ್ನೂ ನಾಚಿಕೆಯಿಲ್ಲದೆ ತನ್ನಿ. ಮೇಜಿನ ಈಚೆ ಕೂತಿರುವ ನಾವು ಅದನ್ನು ಕಂಡು ಬೈಯಬಾರದು. ಬೈದರೆ ಮುಂದಿನ ಸಲ ಪೊಟ್ಟಣ ಮನೆಯಲ್ಲೇ ಉಳಿಯುತ್ತದೆ, ಪುಡಿ ಮಾತ್ರ ಹೊಟ್ಟೆಗೆ ಹೋಗುತ್ತಲೇ ಇರುತ್ತದೆ.